ಗಾಳಿಗೆ ಬಡಿದ ಗೂಟ

ಕಣ್ಣಿಗೆ ಕಾಣದ ಸರಕನ್ನು ಮಾರಿ ಬದುಕು ಕಟ್ಟಿಕೊಂಡವನು ನಾನು. ಐಮಂಗಲದ ಹೈವೇ ಪಕ್ಕ, ಹುಣಸೆ ಮರದ ಕೆಳಗೆ, ಒಂದು ಕೈಪಂಪು, ಒಂದು ಬಾಂಡ್ಲಿ ನೀರು, ಸೊಲ್ಯೂಷನ್ ಟ್ಯೂಬು, ಉಜ್ಜುವುದಕ್ಕೆ ಉಪ್ಪುಕಾಗದ. ಇಷ್ಟೇ ನನ್ನ ಮೊದಲ ಅಂಗಡಿ. ಪಂಕ್ಚರ್ ಹಾಕಿಸಿಕೊಂಡವರು ಮರುಮಾತಿಲ್ಲದೆ ದುಡ್ಡು ಕೊಡುತ್ತಿದ್ದರು. ಗಾಳಿ ಹಾಕಿಸಿಕೊಂಡವರು ಮಾತ್ರ ಸೈಕಲ್ ಹತ್ತಿ, ‘ಗಾಳಿಗೂ ಕಾಸಾ? ಆಕಾಶದ ತುಂಬ ಐತಲ್ಲೋ’ ಎಂದು ನಕ್ಕು ಹೊರಟುಬಿಡುತ್ತಿದ್ದರು. ಆಕಾಶದ ತುಂಬ ಇರುವುದು ನಿಜ. ಆದರೆ ಅದು ತಾನಾಗಿ ನಿನ್ನ ಟ್ಯೂಬಿನೊಳಕ್ಕೆ ಹೋಗಿ ಕುಳಿತುಕೊಳ್ಳುವುದಿಲ್ಲವಲ್ಲ. ತುರುಕಬೇಕು, ತುರುಕಲಿಕ್ಕೆ ರಟ್ಟೆ ಬೇಕು. ಇದನ್ನು ಹೇಳಿ ಹೇಳಿ ನನ್ನ ಗಂಟಲೇ ಪಂಕ್ಚರ್ ಆಗುತ್ತಿತ್ತು.

ಗಾಳಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಮರದ ಕೆಳಗೆ ಕಲಿತದ್ದು. ನೀವೂ ಕಲಿಯಬೇಕೆಂದಿದ್ದರೆ ದೊಡ್ಡ ಸಾಮಾನೇನೂ ಬೇಡ, ಒಂದು ಸೈಕಲ್ ಪಂಪು ಸಾಕು. ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿಕೊಂಡು ಹಿಡಿಯನ್ನು ಕೆಳಕ್ಕೆ ಒತ್ತಿ ನೋಡಿ. ಅರ್ಧಕ್ಕೆ ಹೋಗಿ ನಿಲ್ಲುತ್ತದೆ. ಕೈಬಿಟ್ಟರೆ ಹಿಡಿ ತಾನೇ ಮೇಲಕ್ಕೆ ಬರುತ್ತದೆ. ಒಳಗೆ ಏನೂ ಇಲ್ಲದಿದ್ದರೆ ನಿಮ್ಮ ಕೈಯನ್ನು ತಡೆದದ್ದು ಯಾರು, ವಾಪಸ್ಸು ತಳ್ಳಿದ್ದು ಯಾರು? ಆಮೇಲೆ ಗಾಳಿ ತುಂಬುವ ಯಂತ್ರ ತಂದುಕೊಂಡಾಗ, ಬೇಸಿಗೆಯಲ್ಲಿ ಟೈರಿಗೆ ಗಾಳಿಯನ್ನು ಅಳತೆ ಮೀರಿ ತುಂಬಿಸಿಕೊಳ್ಳಬೇಡಿ ಎಂದು ಲಾರಿಯವರಿಗೆ ಹೇಳುತ್ತಿದ್ದೆ. ಕಾದ ಗಾಳಿ ಹಿಗ್ಗುವುದಕ್ಕೆ ನೋಡುತ್ತದೆ. ಜಾಗ ಸಿಗದಿದ್ದರೆ ಟೈರನ್ನು ಒಳಗಿನಿಂದ ಒದೆಯುತ್ತದೆ. ಮುಂಜಾನೆ ಬಿಗಿಯಾಗಿ ತುಂಬಿಸಿಕೊಂಡು ಹೋದವರು ಮಧ್ಯಾಹ್ನ ರಸ್ತೆ ಬದಿ ಜಾಕಿ ಹಾಕಿಕೊಂಡು ಕುಳಿತಿರುತ್ತಿದ್ದರು. ಗಾಳಿಗೆ ತೂಕವಿದೆ ಎಂದರಂತೂ ಯಾರೂ ನಂಬುತ್ತಿರಲಿಲ್ಲ. ಪಕ್ಕದ ಈರುಳ್ಳಿ ವ್ಯಾಪಾರಿಯ ತೂಕದ ಯಂತ್ರದ ಮೇಲೆ ಲಾರಿಯ ಟೈರೊಂದನ್ನು ಗಾಳಿ ತುಂಬುವ ಮೊದಲು ಒಮ್ಮೆ, ಬಿಗಿಯಾಗಿ ತುಂಬಿಸಿದ ಮೇಲೆ ಒಮ್ಮೆ ಇಟ್ಟು ತೋರಿಸಿದೆ. ಮುಳ್ಳು ಸರಿಯಿತು. ಆ ವ್ಯಾಪಾರಿ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಯಂತ್ರ ಕೆಟ್ಟಿರುವ ವಿಷಯ ರೈತರ ಮುಂದೆ ಆಡಬೇಡ ಎಂದು ಕೈ ಮುಗಿದ.

ಆದರೆ ಎಲ್ಲಕ್ಕಿಂತ ಮೊದಲ ಪಾಠ ಇದು: ಗಾಳಿ ಜಾಗ ಹಿಡಿಯುತ್ತದೆ. ಅದು ಕುಳಿತಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ಅದು ಎದ್ದು ಹೋಗದೆ ನೀರಾಗಲಿ ಎಣ್ಣೆಯಾಗಲಿ ಒಳಗೆ ಬರಲಾರದು. ಇಷ್ಟು ಸಣ್ಣ ಮಾತನ್ನು ನಮ್ಮ ಬೀಗರಿಗೆ ತಿಳಿಸಿಹೇಳಲು ಹೋಗಿ ಒಂದಿಡೀ ದಿನ ನಾನು ಪಟ್ಟ ಪಾಡನ್ನು ಹೇಳುತ್ತೇನೆ, ಕೇಳಿ.

ಪಂಕ್ಚರ್ ಅಂಗಡಿಯಿಂದ ಟೈರಿಗೆ, ಟೈರಿನಿಂದ ಪೈಪು-ಮೋಟಾರಿಗೆ ಬಂದು, ಈಗ ಹಿರಿಯೂರಿನಲ್ಲಿ ನನ್ನದೇ ಅಂಗಡಿ ಇದೆ. ಮಗಳನ್ನು ಹೊಸದುರ್ಗ ತಾಲ್ಲೂಕಿನಲ್ಲಿ, ಹಾಲುರಾಮೇಶ್ವರಕ್ಕೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಅಳಿಯ ಲಾರಿ ಓಡಿಸುತ್ತಾನೆ, ಊರಲ್ಲಿರುವುದು ಕಡಿಮೆ. ಬೇಸಾಯವೆಲ್ಲ ಅವನ ಅಪ್ಪ, ಅಂದರೆ ನಮ್ಮ ಬೀಗರ ಕೈಯಲ್ಲಿ. ಅವರ ಮನೆ ಇರುವುದು ಎತ್ತರದಲ್ಲಿ. ಮನೆ ಪಕ್ಕದಲ್ಲೇ ಬೋರಿನ ನೀರು ತುಂಬುವ ತೊಟ್ಟಿ. ಅಲ್ಲಿಂದ ಪೈಪು ಹಳ್ಳಕ್ಕೆ ಇಳಿದು, ಒಂದು ದಿಣ್ಣೆ ಹತ್ತಿ, ಮತ್ತೆ ಬಂಡಿ ದಾರಿಯ ತಗ್ಗಿಗೆ ಇಳಿದು, ಆಚೆಯ ತುಂಡು ಹೊಲಕ್ಕೆ ಏರುತ್ತದೆ. ಆ ಪೈಪು ಹಾಕಿಸಿದವನು ನಾನೇ. ದಿಣ್ಣೆಯ ನೆತ್ತಿಯಲ್ಲಿ ಸೊಂಟದೆತ್ತರದ ಒಂದು ಸಣ್ಣ ಪೈಪನ್ನು ಬಾಯಿ ತೆರೆದು ನಿಲ್ಲಿಸಿದ್ದೆ. ಗಾಳಿ ಪೈಪು ಎನ್ನುತ್ತೇವೆ ಅದಕ್ಕೆ. ಏರಿಳಿತದ ದಾರಿಯಲ್ಲಿ ನೀರು ತಗ್ಗು ಹುಡುಕುತ್ತದೆ, ಗಾಳಿ ನೆತ್ತಿ ಹುಡುಕುತ್ತದೆ. ನೆತ್ತಿಯಲ್ಲಿ ಒಂದು ಬಾಯಿ ಬಿಟ್ಟರೆ ಗಾಳಿ ಹೊರಗೆ ಹೋಗುತ್ತದೆ, ನೀರು ಮುಂದೆ ಹೋಗುತ್ತದೆ. ಇದರಲ್ಲಿ ತಿಳಿಯದೆ ಇರುವಂಥದ್ದು ಏನಿದೆ ಎಂದು ನಾನು ಅಂದುಕೊಂಡಿದ್ದೆ.

ಆ ತುಂಡು ಹೊಲದಲ್ಲಿ ನನ್ನ ಮಗಳು ಸೇವಂತಿಗೆ ಹಾಕಿದ್ದಳು. ಮಾವನನ್ನು ಕಾಡಿ ಬೇಡಿ ಒಂದು ಬೆಳೆಗೆ ಹೊಲ ಕೇಳಿಕೊಂಡಿದ್ದಳು. ಬೀಗರ ಷರತ್ತು ಸರಳವಾಗಿತ್ತು: ಸಸಿ ಹತ್ತಿದರೆ ಹೊಲ ಅವಳದು; ಒಣಗಿದರೆ ಶೇಂಗಾ ಬಿತ್ತುತ್ತೇನೆ, ಆಮೇಲೆ ಹೂವಿನ ಮಾತೇ ಎತ್ತಬಾರದು. ಮದುವೆಯಾದ ಮೇಲೆ ಅವಳು ತನಗೆಂದು ಆ ಮನೆಯಲ್ಲಿ ಕೇಳಿದ್ದು ಅದೊಂದೇ.

ಸಸಿ ನೆಟ್ಟು ಇನ್ನೂ ಬೇರು ಕಚ್ಚಿರಲಿಲ್ಲ, ಊರಿನ ಟಿ.ಸಿ., ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟು ಕರೆಂಟು ಹೋಯಿತು. ತೊಟ್ಟಿ ಬರಿದಾಯಿತು, ಪೈಪೂ ಬರಿದಾಯಿತು. ಟಿ.ಸಿ. ಬದಲಾಗಿ ಕರೆಂಟು ಬಂದು ತೊಟ್ಟಿ ತುಂಬಿದರೂ ಹೊಲದ ಕಡೆ ವಾಲ್ವು ತಿರುಗಿಸಿದರೆ ನೀರಿಲ್ಲ. ನೂಲಿನಂತೆ ಒಂದಿಷ್ಟು ಬಂದು ನಿಂತುಹೋಯಿತು. ಬೀಗರು ಬೇವಿನ ಬೇರು ಪೈಪಿಗೆ ನುಗ್ಗಿದೆ ಎಂದು ಮರದ ಬುಡ ಅಗೆದರು. ಬೇರು ಸಿಗಲಿಲ್ಲ. ಆಮೇಲೆ, ಪೈಪೇ ಸರಿಯಿಲ್ಲ, ಹಗುರ ಮಾಲು, ಒಳಗೆ ಎಲ್ಲೋ ಚಪ್ಪಟೆಯಾಗಿದೆ ಎಂದು ತೀರ್ಮಾನಿಸಿ, ಹೊಸದುರ್ಗದ ಬೇರೊಂದು ಅಂಗಡಿಯಲ್ಲಿ ವಿಚಾರಿಸಿ ಬಂದರಂತೆ. ಇದನ್ನೆಲ್ಲ ಮಗಳು ಫೋನಿನಲ್ಲಿ ಪಿಸುದನಿಯಲ್ಲಿ ಹೇಳಿದಳು. ಕೊನೆಗೆ ಅಂದಳು: “ಅಪ್ಪಾಜಿ, ಸಸಿ ತಲೆ ಬಾಗಿಸ್ಯಾವೆ. ನಾಳೆ ಸಂಜೆ ದಾಟಂಗಿಲ್ಲ. ನೀನ್ ಬಾ, ಆದ್ರೆ ನಾನ್ ಕರೆದೆ ಅಂತ ಗೊತ್ತಾಗಬಾರ್ದು. ಮಾವ ಬೇಜಾರ್ ಮಾಡ್ಕಂತಾರೆ.”

ನೋಡಿ, ಕೆಲಸ ಗಳಿಗೆಯದು. ಆದರೆ ಹೆಣ್ಣು ಕೊಟ್ಟವನು ಬೀಗರ ಮನೆಗೆ ಪೈಪು ರಿಪೇರಿಗೆಂದು ನುಗ್ಗುವ ಹಾಗಿಲ್ಲ. ನೆಪ ಬೇಕು. ಬೆಳಗಾಗುತ್ತಲೇ ಹೊರಟೆ. ದಾರಿಯುದ್ದಕ್ಕೂ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಅಷ್ಟು ದೊಡ್ಡ ರೆಕ್ಕೆಯನ್ನು ತಿರುಗಿಸುವ ಗಾಳಿಯನ್ನು ದಿನಾ ನೋಡುತ್ತ ಉಳುಮೆ ಮಾಡುವ ಜನ, ಪೈಪಿನೊಳಗೆ ಅದು ನೀರನ್ನು ತಡೆಯುತ್ತದೆ ಎಂದರೆ ಮಾತ್ರ ನಂಬುವುದಿಲ್ಲ. ಹಾಲುರಾಮೇಶ್ವರಕ್ಕೆ ಹೋಗಿ ಕಾಯಿ ಒಡೆಸಿ, ಪ್ರಸಾದ ಕಟ್ಟಿಸಿಕೊಂಡು, ದೇವರಿಗೆ ಬಂದವನು ಹಾಗೇ ಬಂದೆ ಎನ್ನುವ ಮುಖ ಮಾಡಿಕೊಂಡು ಬೀಗರ ಮನೆಯ ಅಂಗಳಕ್ಕೆ ಕಾಲಿಟ್ಟೆ.

ಬೀಗರು ಬಾಯಿ ತುಂಬ ಸ್ವಾಗತ ಮಾಡಿದರು. ಕಾಲಿಗೆ ನೀರು, ಮಂಚ, ಎಲೆಡಿಕೆ. ಹೊಲದ ಕಡೆ ಒಂದು ಸುತ್ತು ಹೋಗಿ ಬರಾಣ ಅಂದೆ. “ಅದೇನ್ ಓಡಿ ಹೋಗ್ತದಾ ಬೀಗ್ರೇ, ಕುಂತ್ಕಳ್ರಿ. ಉಂಡು ಹೋಗಾಣ” ಎಂದರು. ಬೀಗತಿ ಅಷ್ಟರಲ್ಲಿ ಕಡಲೆಬೇಳೆ ಬೇಯಲು ಇಟ್ಟಾಗಿತ್ತು. ಬೀಗರು ಬಂದ ಮನೆಯಲ್ಲಿ ಹೋಳಿಗೆ ಆಗಲೇಬೇಕು. ಬೇಡ ಎಂದರೆ ಅವಮಾನ, ಬೇಗ ಮಾಡಿ ಎಂದರೆ ಇನ್ನೂ ಅವಮಾನ. ಬೇಳೆ ಬೇಯಬೇಕು, ಬೆಲ್ಲ ಕರಗಬೇಕು, ಹೂರಣ ರುಬ್ಬಬೇಕು, ಕಣಕ ನೆನೆಯಬೇಕು. ಬಿಸಿಲು ಅಂಗಳ ದಾಟಿ ಜಗಲಿಗೆ ಹತ್ತಿತು. ಮಗಳು ನೀರು ತಂದಿಟ್ಟಾಗ ಅವಳ ಮುಖ ನೋಡಿದೆ. ಅವಳು ಆಚೆ ದಿಣ್ಣೆಯ ಕಡೆ ನೋಡಿದಳು. ಸಂತೆಯಲ್ಲಿ ಎಂಥೆಂಥವರನ್ನೋ ಮಾತಿನಲ್ಲಿ ಮಣಿಸಿದವನು ನಾನು, ಆ ಮಂಚದ ಮೇಲೆ ಕೈಕಾಲು ಕಟ್ಟಿಹಾಕಿದ ಹಾಗೆ ಕುಳಿತಿದ್ದೆ. ಬೀಗರು ಸಿರಿಗೆರೆ ಹಾಸ್ಟೆಲಿನಲ್ಲಿ ತಾವು ಓದಿದ ಕಾಲದ ಕಥೆಯನ್ನು ಮೊದಲಿನಿಂದ ಶುರು ಮಾಡಿದರು.

ಕೊನೆಗೂ ಹೋಳಿಗೆ ಬಂತು. ತುಪ್ಪ ಹಾಕಿ ಇಳಿಸಿದೆ. ಉಂಡ ಮೇಲೆ ಅಡ್ಡಾಗ್ರಿ ಎಂದರು. ಅಡ್ಡಾದರೆ ತೂಕ ಏರುತ್ತದೆಂದು ಡಾಕ್ಟರು ಹೇಳಿದ್ದಾರೆ ಎಂದು ಸುಳ್ಳು ಹೇಳಿ ಎದ್ದೆ.

ದಿಣ್ಣೆ ಹತ್ತಿದ್ದೇ ತಡ, ಕಣ್ಣಿಗೆ ಬಿತ್ತು. ನಾನು ಬಾಯಿ ತೆರೆದು ನಿಲ್ಲಿಸಿದ್ದ ಪೈಪಿನ ಬಾಯಿಗೆ ಗೋಣಿಪಟ್ಟೆ ಸುತ್ತಿದ ಜಾಲಿ ಗೂಟ. ಸುತ್ತಿಗೆ ಏಟಿಗೆ ಗೂಟದ ತಲೆ ಹೂವಿನ ಹಾಗೆ ಅರಳಿತ್ತು.

ನಾನು ಬಾಯಿ ಬಿಡುವ ಮೊದಲೇ ಬೀಗರು ಹೆಮ್ಮೆಯಿಂದ ಹೇಳಿದರು, ನೀವು ಪೈಪು ಹಾಕಿಸುವಾಗ ಇದೊಂದನ್ನು ಮರೆತು ಹಾಗೇ ಬಿಟ್ಟಿದ್ದಿರಿ, ಹೊಲದ ವಾಲ್ವು ಮುಚ್ಚಿದಾಗಲೆಲ್ಲ ಇಲ್ಲಿಂದ ನೀರು ಉಕ್ಕಿ ಪೋಲಾಗುತ್ತಿತ್ತು, ನಾನೇ ಬಿಗಿ ಮಾಡಿದೆ ಎಂದು. ನಮ್ಮ ಕಡೆಯವರಿಗೆ ನೀರು ಪೋಲಾಗುವುದೆಂದರೆ ರಕ್ತ ಸೋರಿದ ಹಾಗೆ. ಯಾವ ತೂತು ಕಂಡರೂ ಕೈ ಗೂಟ ಹುಡುಕುತ್ತದೆ. ಅವರನ್ನು ಬೈಯಲೂ ಮನಸ್ಸಾಗಲಿಲ್ಲ. ಬೈಯುವ ಹಾಗೂ ಇರಲಿಲ್ಲ. ನಿಮ್ಮ ಗೂಟವೇ ನೀರು ತಡೆದಿದೆ ಎಂದುಬಿಟ್ಟರೆ, ನಾನೇನೋ ಸಂಜೆಯ ಬಸ್ಸಿಗೆ ಹೋಗುತ್ತೇನೆ. ಆ ಮಾತಿನ ಬಡ್ಡಿ ನನ್ನ ಮಗಳು ದಿನಾ ಕಟ್ಟಬೇಕು. ವ್ಯಾಪಾರದಲ್ಲಿ ನನ್ನದೊಂದು ನಿಯಮವಿದೆ, ನಿಮಗೂ ಹೇಳುತ್ತೇನೆ: ಗಿರಾಕಿಯ ತಪ್ಪನ್ನು ಯಾವತ್ತೂ ಗಿರಾಕಿಯ ಎದುರು ಇಡಬೇಡಿ, ಅವನೇ ಅದನ್ನು ಕಂಡುಹಿಡಿಯುವ ಹಾಗೆ ದಾರಿ ಮಾಡಿಕೊಡಿ.

ಹಾಗಾಗಿ, ಬಾಯಾರಿಕೆ ಎಂದು ಹೇಳಿ ಅವರನ್ನು ತೊಟ್ಟಿಯ ಹತ್ತಿರ ವಾಪಸ್ಸು ಕರೆದುಕೊಂಡು ಬಂದೆ. ಅಲ್ಲಿದ್ದ ಚೊಂಬನ್ನು ಬೋರಲು ಮಾಡಿ ನೆಟ್ಟಗೆ ನೀರಿನೊಳಕ್ಕೆ ಅದುಮಿದೆ.

“ಬೀಗ್ರೇ, ಚೊಂಬಿನೊಳಗೆ ನೀರು ತುಂಬ್ಲಿಲ್ಲ. ಯಾಕಿರಬಹುದು?”

“ಬೋರಲು ಹಾಕೀರಲ್ರಿ, ಅದಕ್ಕೆ.”

“ಬೋರಲಾದ್ರೂ ನೀರೊಳಗೇ ಐತಲ್ಲ. ತಡೆದಿರೋದು ಯಾರು?”

“ಖಾಲಿ ಚೊಂಬಿನಾಗೆ ಯಾರಿರ್ತಾರೆ? ಖಾಲಿ ಅಂದ್ರೆ ಖಾಲಿ.”

ಖಾಲಿಯಲ್ಲ, ಒಳಗೆ ಗಾಳಿ ಕುಳಿತಿದೆ ಎಂದೆ. ಚೊಂಬನ್ನು ಕೊಂಚ ವಾಲಿಸಿದೆ. ಗುಳುಗುಳು ಎಂದು ಗುಳ್ಳೆಗಳು ಮೇಲೆ ಬಂದವು, ಚೊಂಬು ನೀರು ಕುಡಿದು ಭಾರವಾಯಿತು. ನೋಡಿದಿರಾ, ಎದ್ದು ಹೋದದ್ದು ಗಾಳಿ, ಅದು ಎದ್ದ ಜಾಗದಲ್ಲಿ ಕುಳಿತದ್ದು ನೀರು ಎಂದೆ. ಬೀಗರು ತುಂಬ ಹೊತ್ತು ನೀರನ್ನೇ ನೋಡಿದರು. ಹತ್ತಿತು ಅಂದುಕೊಂಡೆ. ಅವರು ಚೊಂಬು ಎತ್ತಿ ಕುಡಿದು, ಈ ತೊಟ್ಟಿಯ ನೀರು ಮೊದಲಿಗಿಂತ ಈಗ ಸಿಹಿಯಾಗಿದೆ, ಅಲ್ಲವೇ ಎಂದು ಕೇಳಿದರು.

ಬಿಡದೆ ಇನ್ನೊಂದು ದಾರಿ ಹಿಡಿದೆ. ನಮ್ಮ ಅಂಗಡಿಗೆ ಹೊಳಲ್ಕೆರೆ ಕಡೆಯ ಗಿರಾಕಿಯೊಬ್ಬರು ಬಂದಿದ್ದರು, ಅವರ ತೋಟದಲ್ಲಿಯೂ ಹೀಗೇ ಆಗಿತ್ತು ಎಂದು ಒಂದು ಕಥೆ ಕಟ್ಟಿದೆ. ಅಲ್ಲಿ ಪೈಪಿನ ಎರಡು ತಗ್ಗಿನಲ್ಲಿಯೂ ನೀರು ನಿಂತು, ನಡುವಿನ ನೆತ್ತಿಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿತ್ತು. ಎರಡು ಕಡೆಯೂ ಬಾಗಿಲು ಹಾಕಿದ ಕೋಣೆಯೊಳಗೆ ಮಲಗಿದವನ ಹಾಗೆ ಅದು ಏಳಲೂ ಇಲ್ಲ, ಯಾರನ್ನೂ ಒಳಗೆ ಬಿಡಲೂ ಇಲ್ಲ. ನೆತ್ತಿಯಲ್ಲಿ ಒಂದು ಬಾಯಿ ತೆಗೆದ ಕೂಡಲೇ ನೀರು ಓಡಿತು ಎಂದೆ. ಬೀಗರು ತಲೆಯಾಡಿಸಿ ಕೇಳಿದರು. ಕೊನೆಗೆ, ಹೊಳಲ್ಕೆರೆಯವರು ಯಾವ ಅಂಗಡಿಯ ಪೈಪು ಹಾಕಿಸಿದ್ದರು ಎಂದರು. ನನ್ನದೇ ಎಂದೆ. ಹಾಗನ್ನಿ, ಮತ್ತೆ ಎಂದು ನಕ್ಕರು.

ಮಾತು ಎಲ್ಲಿಗೆ ಹೊರಟಿದೆ ಎಂದು ಗೊತ್ತಾದಾಗ ಅವರು ಹೂಡಿದ ವಾದವೂ ಗಟ್ಟಿಯಾಗಿತ್ತು. ಗೂಟ ಬಡಿದು ಎರಡು ಬೇಸಿಗೆ ಕಳೆದಿವೆ, ಗೂಟ ಇದ್ದೇ ನೀರು ಬರುತ್ತಿತ್ತು, ಈಗ ಗೂಟದ ಮೇಲೆ ಯಾಕೆ ತಪ್ಪು ಹೊರಿಸಬೇಕು? ನಿಜವೇ. ಪೈಪು ಯಾವತ್ತೂ ಬರಿದಾಗಿರಲಿಲ್ಲ, ಹಾಗಾಗಿ ಗಾಳಿ ಒಳಗೆ ಬಂದಿರಲಿಲ್ಲ. ಕರೆಂಟು ಹೋಗಿ ನೀರು ಬರಿದಾದಾಗ ಹೊಲದ ಕಡೆಯ ಬಾಯಿಂದ ಗಾಳಿ ನುಗ್ಗಿತು. ಮತ್ತೆ ನೀರು ಬಂದಾಗ ಅದಕ್ಕೆ ಹೊರಗೆ ಹೋಗಲು ದಾರಿಯಿರಲಿಲ್ಲ. ಇದನ್ನು ಗೂಟದ ಹೆಸರೆತ್ತದೆ ಎರಡು ಸಲ ಬಿಡಿಸಿ ಹೇಳಿದೆ. ಅವರು ಎರಡು ಸಲವೂ, ಬಂದದ್ದು ಹೇಗೆ ಬಂತೋ ಹಾಗೇ ಹೋಗಲಿ ಬಿಡಿ ಎಂದರು. ಬಿಸಿಲು ಬಾಗುತ್ತಿತ್ತು. ನನಗೆ ಆ ತೊಟ್ಟಿಯಲ್ಲಿ ನನ್ನ ತಲೆಯನ್ನೇ ಬೋರಲು ಹಾಕಬೇಕು ಎನ್ನಿಸಿತು.

ಬೇಜಾರಾಗಿ ಜಗಲಿಗೆ ಬಂದು ಕುಳಿತೆ. ಬೀಗರೂ ಬಂದು ಕುಳಿತರು. ಅಲ್ಲಿ ಬೀಗತಿ, ಗಾಣದಿಂದ ಬಂದಿದ್ದ ಶೇಂಗಾ ಎಣ್ಣೆಯನ್ನು ಡಬ್ಬದಿಂದ ಬಾಟಲಿಗೆ ಬಗ್ಗಿಸುತ್ತಿದ್ದರು. ಬಾಟಲಿಯ ಬಾಯಲ್ಲಿ ಆಲಿಕೆ ಬಿಗಿಯಾಗಿ ಕುಳಿತಿತ್ತು. ಎಣ್ಣೆ ಆಲಿಕೆಯ ತುಂಬ ನಿಂತಿತು, ಕೆಳಗೆ ಇಳಿಯಲಿಲ್ಲ. ಮಾತಾಡುತ್ತಲೇ ಅವರು ಆಲಿಕೆಯನ್ನು ಕೂದಲೆಳೆಯಷ್ಟು ಮೇಲೆತ್ತಿದರು. ಗೊಳಕ್ ಎಂದು ಎಣ್ಣೆ ಇಳಿಯಿತು.

ನನಗೆ ಜೀವ ಬಂದಂತಾಯಿತು. “ಅಕ್ಕಾ, ಅದನ್ನ ಯಾಕೆ ಎತ್ತಿದ್ರಿ?”

“ಒಳಗೆ ಗಾಳಿ ಕಟ್ಕಂಡಿತ್ತು. ಅದು ಹೊರಗ್ ಬಂದ್ರೆ ತಾನೆ ಎಣ್ಣೆ ಇಳಿಯಾದು” ಎಂದರು. ಇದನ್ನೂ ಕೇಳುತ್ತಾರಾ ಎನ್ನುವ ಮುಖದಲ್ಲಿ ನನ್ನನ್ನು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಂದರು: “ರೀ, ಬೀಗ್ರು ಬೆಳಿಗ್ಗೆಯಿಂದ ಬಾಯಿ ಮುಚ್ಕಂಡು ಒದ್ದಾಡ್ತಾ ಅವ್ರೆ. ನೀವು ಬಡಿದಿರೋ ಗೂಟ ಕಿತ್ತು ಬರ್ರಿ ಅತ್ಲಾಗೆ.”

ನನ್ನ ಇಡೀ ದಿನದ ನಾಜೂಕು ಒಂದೇ ಮಾತಿಗೆ ಮಣ್ಣುಪಾಲಾಯಿತು. ಹೇಳಿದ ಸುಳ್ಳು, ಕಟ್ಟಿದ ಕಥೆ, ಮುಳುಗಿಸಿದ ಚೊಂಬು ಎಲ್ಲವೂ ದಂಡ. ಬೀಗರ ಮುಖ ಗಂಟಾಯಿತು. ಇವತ್ತು ಹೊತ್ತಾಯಿತು, ನಾಳೆ ಬೆಳಿಗ್ಗೆ ನೋಡೋಣ ಎಂದರು. ನಾಳೆ ಬೆಳಿಗ್ಗೆ ಎನ್ನುವುದರ ಅರ್ಥ ಆ ಜಗಲಿಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಬೀಗತಿ ಬಾಟಲಿಗೆ ಬಿರಡೆ ಹಾಕಿದರು.

ಅಷ್ಟರಲ್ಲಿ ಒಳಗಿನಿಂದ ಮಗಳು ಬಂದಳು. ಕೈಯಲ್ಲಿ ಹಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಮಾವನ ಎದುರು ನಿಂತು, ಜೋರಾಗಿಯೂ ಅಲ್ಲ, ಮೆತ್ತಗೂ ಅಲ್ಲ, ಸಾದಾ ದನಿಯಲ್ಲಿ ಕೇಳಿದಳು.

“ಮಾವ, ಹೊಲ ಈ ಬೆಳೆ ಮುಗಿಯೋವರ್ಗೂ ನನ್ದು ಅಂದಿದ್ರಿ. ಅದರ ಪೈಪೂ ನನ್ದೇ ಅಲ್ವಾ?”

ಬೀಗರು ಎಲೆಡಿಕೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಅವಳು ಕಾಯಲಿಲ್ಲ. ಹಳ್ಳಕ್ಕೆ ಇಳಿದು ದಿಣ್ಣೆ ಹತ್ತಿದಳು. ನಾನು ಹಿಂದೆ ಹೋದೆ. ಹಾರೆಯ ತುದಿಯಿಂದ ಅವಳು ಗೂಟವನ್ನು ಆ ಕಡೆ ಈ ಕಡೆ ಅಲ್ಲಾಡಿಸಿದಳು. ಮೊದಲು ಸಣ್ಣಗೆ ಸುಯ್ ಎಂದಿತು. ಆಮೇಲೆ ಗೂಟ ಪಟ್ ಎಂದು ಹಾರಿ ಅವಳ ಕಾಲ ಬಳಿ ಬಿತ್ತು. ಪೈಪಿನ ಬಾಯಿಂದ ಗಾಳಿ ಬುಸುಗುಟ್ಟಿತು. ಅವಳು ಅದರ ಮೇಲೆ ಅಂಗೈ ಹಿಡಿದಳು, ಬೆಚ್ಚಿದವಳಂತೆ ತೆಗೆದಳು, ಮತ್ತೆ ಹಿಡಿದಳು. ನೀರು ತುಪುಕ್ ತುಪುಕ್ ಎಂದು ಉಗುಳಿ, ಗುಳ್ಳೆ ಗುಳ್ಳೆಯಾಗಿ ಬಂದು, ಕೊನೆಗೆ ತಿಳಿಯಾಯಿತು. ಹೊಲದ ಕಡೆ ವಾಲ್ವು ತಿರುಗಿಸಿದಾಗ ಪೈಪು ಒಂದೆರಡು ಸಲ ಕೆಮ್ಮಿ, ತುಂಬಿದ ಬಾಯಲ್ಲಿ ನೀರು ಬಿಟ್ಟಿತು.

ಮೇಲಿನ ಸಾಲುಗಳು ಆಗಲೇ ಹೋಗಿದ್ದವು. ಸುಟ್ಟ ಕಾಗದದ ಹಾಗೆ ಕೈಯಲ್ಲಿ ಪುಡಿಯಾದವು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೇ ಕಿತ್ತು ಬದುವಿಗೆ ಎಸೆದಳು. ಆ ಹೋಳಿಗೆ ಬೇಯುವ ಹೊತ್ತಿನಲ್ಲಿ ನೀರು ಬಂದಿದ್ದರೆ ಅವುಗಳಲ್ಲಿ ಕೆಲವಾದರೂ ಉಳಿಯುತ್ತಿದ್ದವು. ಕೆಳಗಿನ ಸಾಲುಗಳು ನೀರು ಕುಡಿದು, ನಾನು ಹೊರಡುವ ಹೊತ್ತಿಗೆ ಕತ್ತು ನೆಟ್ಟಗೆ ಮಾಡುತ್ತಿದ್ದವು. ವಾಲ್ವು ಮುಚ್ಚಿದಾಗ ನೀರು ಉಕ್ಕುವುದೂ ನಿಜವೇ ಆದ್ದರಿಂದ, ಆ ಪೈಪಿನ ತಲೆಗೆ ಒಂದು ಸಣ್ಣ ನಲ್ಲಿ ಕೂರಿಸಲು ಮಗಳಿಗೆ ಹೇಳಿ, ಮರುದಿನ ಅದನ್ನು ಬಸ್ಸಿನಲ್ಲಿ ಕಳಿಸಿಕೊಟ್ಟೆ: ಮೊದಲು ತೆರೆದಿಡು, ನೀರು ಉಗುಳುವುದು ನಿಂತು ಒಂದೇ ಸಮನೆ ಬಂದ ಮೇಲೆ ಮುಚ್ಚು. ನೀವು ಪೈಪು ಹಾಕಿಸುವವರಿದ್ದರೆ ಮೊದಲೇ ಇದನ್ನು ಕೇಳಿ ಹಾಕಿಸಿಕೊಳ್ಳಿ, ಬೀಗರ ಮನೆಯಾದರಂತೂ ತಪ್ಪದೆ.

ನೀರು ಬಂದದ್ದಕ್ಕೆ ಬೀಗರು ಕೊಟ್ಟ ಕಾರಣ ಬೇರೆ. ಹೊಸ ಟಿ.ಸಿ. ಮೊದಲು ಸೊರಗಿತ್ತು, ಆ ಸಂಜೆಗೆ ಸರಿಯಾಗಿ ಕರೆಂಟು ಕೊಟ್ಟಿತು, ಅದರ ಜೊತೆಗೆ ನೀವು ತಂದ ಪ್ರಸಾದ ಎಂದರು. ತೊಟ್ಟಿಯಿಂದ ಇಳಿಯುವ ನೀರಿಗೂ ಕರೆಂಟಿಗೂ ಏನು ಸಂಬಂಧ ಎಂದು ನಾಲಗೆ ತುದಿಗೆ ಬಂತು. ನುಂಗಿಕೊಂಡು ಕೈಮುಗಿದು ಬಸ್ಸು ಹತ್ತಿದೆ.

ಹೂ ಬಿಡುವ ಕಾಲಕ್ಕೆ ಮತ್ತೆ ಹೋಗಿದ್ದೆ, ಈ ಸಲ ನೆಪವಿಲ್ಲದೆ. ತುಂಡು ಹೊಲದ ಕೆಳಭಾಗವೆಲ್ಲ ಹಳದಿ. ಮೇಲಿನ ಬೋಳು ಸಾಲುಗಳಿಗೆ ಮಗಳು ಮತ್ತೆ ಸಸಿ ನೆಡಲು ಮಣ್ಣು ಹದ ಮಾಡಿಟ್ಟಿದ್ದಳು. ಶೇಂಗಾದ ಮಾತನ್ನು ಬೀಗರು ಎತ್ತಿಲ್ಲವಂತೆ. ಜಗಲಿಯ ಮೇಲೆ ಪಕ್ಕದ ಹೊಲದವರೊಬ್ಬರು ಕುಳಿತಿದ್ದರು. ಅವರ ಪೈಪಿನಲ್ಲಿಯೂ ನೀರು ಬರುತ್ತಿರಲಿಲ್ಲವಂತೆ. ಬೀಗರು ಒಂದು ಬಕೆಟ್ ನೀರು ಎದುರಿಗಿಟ್ಟುಕೊಂಡು, ಅದೇ ಚೊಂಬನ್ನು ಬೋರಲು ಅದುಮಿ ಹಿಡಿದು ಹೇಳುತ್ತಿದ್ದರು:

“ಖಾಲಿ ಅಂತೀಯಲ್ಲ, ಖಾಲಿ ಅಲ್ಲ ಕಣಪ್ಪ ಇದು. ಒಳಗೆ ಗಾಳಿ ಕುಂತೈತೆ. ಅದು ಎದ್ದು ಹೋಗ್ಬೇಕು.” ಆಮೇಲೆ ನನ್ನನ್ನು ಕಂಡು, “ಬರ್ರಿ ಬೀಗ್ರೇ, ನೀವೂ ನೋಡ್ರಿ. ಪೈಪಿನ ಅಂಗಡಿ ಇಟ್ಟೋರಿಗೆ ಇದೆಲ್ಲ ಗೊತ್ತಿರ್ಬೇಕು” ಎಂದರು.

ನಾನು ಮಂಚದ ಮೇಲೆ ಕುಳಿತು ಇಡೀ ಪಾಠ ಕೇಳಿದೆ. ಒಳಗಿನಿಂದ ಕಡಲೆಬೇಳೆ ಬೇಯುವ ವಾಸನೆ ಬರುತ್ತಿತ್ತು. ಮಗಳು ನೀರು ತಂದಿಟ್ಟು, ನನ್ನ ಮುಖ ನೋಡದೆ, ತುಟಿ ಕಚ್ಚಿಕೊಂಡು ಬೇಗ ಒಳಗೆ ಹೋದಳು.